ಗೋದಾಬಾಯಿಯ ಹೆಬ್ಬೆರಳು

ಹೊಸಪೇಟೆಯ ಮಾರ್ಕೆಟ್ಟಿನಲ್ಲಿ ಗೋದಾಬಾಯಿ ಬರುವುದನ್ನು ಕಂಡರೆ ಬಾಳೆಹಣ್ಣಿನವರು ಗೊನೆಯ ಮೇಲೆ ಗೋಣಿಚೀಲ ಎಳೆಯುತ್ತಿದ್ದರು. ಮಾರುವವನ ಮಾತನ್ನು ಆಕೆ ಎಂದೂ ನಂಬಿದವಳಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡಿಯೇ ತೀರಬೇಕು. ಹಣ್ಣಿಗೂ ಅದೇ ಪರೀಕ್ಷೆ, ಹಾಸಿಗೆಗೂ ಅದೇ ಪರೀಕ್ಷೆ.

ಅಂಥವಳು ತನ್ನ ಕಂಪ್ಯೂಟರನ್ನು ಚನ್ನಯ್ಯನ ಕೈಗೆ ಕೊಡಬೇಕಾಗಿ ಬಂದದ್ದು ಅದಿರಿನ ಲಾರಿಗಳಿಂದ. ಎಂಬತ್ತರ ದಶಕದ ಯಂತ್ರ ಅದು, ಕೀಲಿಮಣೆಯೂ ಪೆಟ್ಟಿಗೆಯೂ ಒಂದೇ. ಊರಿಗೆ ಕಂಪ್ಯೂಟರ್ ಎಂಬ ಮಾತೇ ಹೊಸದಾಗಿದ್ದಾಗ ಅದನ್ನು ಪಡಸಾಲೆಯಲ್ಲಿಟ್ಟುಕೊಂಡು ಹೆಣ್ಣುಮಕ್ಕಳಿಗೆ ಪಾಠ ಹೇಳಿದ್ದಳು. ಈಗ ಸಂಡೂರಿನ ಕಡೆಯಿಂದ ಲಾರಿಗಳು ಬಿಡುವಿಲ್ಲದೆ ಓಡಾಡಿ, ಗೋಡೆ ನಡುಗಿ ನಡುಗಿ, ಯಂತ್ರ ಹಲಗೆಯ ಅಂಚಿಗೆ ಸರಿದು ಒಂದು ದಿನ ಕೆಳಗೆ ಬಿತ್ತು. ಹಳದಿಗಟ್ಟಿದ ಪ್ಲಾಸ್ಟಿಕ್ಕಿನಲ್ಲಿ ಉದ್ದಕ್ಕೂ ಬಿರುಕು. ಗೋದಾಬಾಯಿ ನೆಲದ ಮೇಲೆ ಕೂತು ಅತ್ತಳು. ಆಮೇಲೆ ಲಾರಿಯವರಿಗೆಲ್ಲ ಹಿಡಿಶಾಪ ಹಾಕಿದಳು.

ಚನ್ನಯ್ಯನನ್ನು ಹುಡುಕಿಕೊಟ್ಟವಳು ಆಕೆಯ ಮೊದಲ ಶಿಷ್ಯೆ ಶಾಂಭವಿ. ಕಂಪ್ಲಿಯಲ್ಲಿ ಅವಳ ಕಂಪ್ಯೂಟರ್ ಶಾಲೆಗೆ ಭಾನುವಾರ ಉದ್ಘಾಟನೆ; ಬಾಗಿಲಲ್ಲೇ ಗಾಜಿನೊಳಗೆ ಟೀಚರ ಯಂತ್ರ ಇಡಬೇಕೆಂದು ಅವಳಾಸೆ. ಪಾಠಕ್ಕೆಂದು ಯಶವಂತನಗರದ ಗಣಿ ಕಚೇರಿಗಳು ಬಿಸಾಕಿದ ಹಳೇ ಕಂಪ್ಯೂಟರುಗಳನ್ನು ರಾಶಿಗಟ್ಟಲೆ ಕೊಂಡಿದ್ದಳು, ಒಂದರ ಮೈಯೂ ನೆಟ್ಟಗಿರಲಿಲ್ಲ.

“ಟೀಚರ್ ಪೆಟಿಗಿ ಚಂದ ಆತಂದ್ರ ಅವನ್ನೆಲ್ಲ ರಿಪೇರಿಗೆ ನಿನಗ ಕೊಡ್ತೀನಿ ಚನ್ನಯ್ಯಣ್ಣ. ಕೆಟ್ಟರ ಇಲ್ಲ ನೋಡು,” ಎಂದು ಗೋದಾಬಾಯಿಯ ಎದುರೇ ಹೇಳಿದ್ದಳು.

ಚನ್ನಯ್ಯ ಒಡೆದ ಟಿವಿ ಪೆಟ್ಟಿಗೆ, ಮಿಕ್ಸರ್, ಲಾರಿ ದೀಪದ ಮುಚ್ಚಳ ಬೆಸೆಯುವವನು. ಊರಿಗೆ ಗಣಿಯ ದುಡ್ಡು ಬಂದ ಮೇಲೆ ಜನ ಒಡೆದದ್ದನ್ನು ಎಸೆದು ಹೊಸದು ತರುತ್ತಿದ್ದರು. ಅವನಿಗೆ ನೊಣ ಹೊಡೆಯುವುದೇ ಕೆಲಸವಾಗಿತ್ತು. ಶಾಂಭವಿಯ ಕೆಲಸ ಸಿಗದಿದ್ದರೆ ಅಂಗಡಿ ಮುಚ್ಚಿ ಗಣಿಗೆ ಹೋಗುವುದೊಂದೇ ದಾರಿ.

ಗೋದಾಬಾಯಿಗೆ ಅದೆಲ್ಲ ಬೇಕಿರಲಿಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಚಿನ್ನ ಇರುತ್ತದೆಂದು ಗುಜರಿಯವರು ಅಲೆದಾಡುತ್ತಿದ್ದ ಕಾಲ. ಮನೆಗೇ ಕರೆಸಿ, ಕಣ್ಣೆದುರೇ ಬಿಚ್ಚಿಸಿ, ಒಳಗಿನದನ್ನೆಲ್ಲ ರೇಷ್ಮೆ ಸೀರೆಯಲ್ಲಿ ಸುತ್ತಿ ದೇವರ ಮನೆಯಲ್ಲಿಟ್ಟಳು. ಬರೀ ಪೆಟ್ಟಿಗೆ ಕೊಟ್ಟಳು. ಅದನ್ನೂ ಬದಲಾಯಿಸಿಯಾನೆಂದು ತಳಕ್ಕೆ ಕಾಡಿಗೆಯ ಬೊಟ್ಟಿಟ್ಟಳು. ಸಾಲದ್ದಕ್ಕೆ ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತಳು.

ಚನ್ನಯ್ಯ ಪೆಟ್ಟಿಗೆಯ ಒಳಗಡೆಯಿಂದ ಒಂದು ಚೂರು ಕೊಯ್ದ.

ಗೋದಾಬಾಯಿ ದಡಕ್ಕನೆ ಎದ್ದಳು. “ಏನ್ ಕೊಯ್ಯಾಕತ್ತೀಯೋ? ಇಡು ಕೆಳಗ!”

“ಬಣ್ಣ ಕೂಡಬೇಕಲ್ರಿ ಅವ್ವಾರ. ಇದರ ಮೈಯಿಂದನ ತಗದು ಇದಕ್ಕ ಹಚ್ಚಬೇಕು. ಬ್ಯಾರೆ ಪ್ಲಾಸ್ಟಿಕ್ ಹಾಕಿದ್ರ ತ್ಯಾಪಿ ಕಾಣ್ತದ.”

ಆ ಚೂರನ್ನು ಘಾಟು ವಾಸನೆಯ ಅಸಿಟೋನಿನಲ್ಲಿ ಕರಗಿಸಿದ. ಬಿರುಕಿನ ಒಳಬದಿಗೆ ಹಿತ್ತಾಳೆಯ ಜಾಲರಿ ಇಟ್ಟು ಕಾದ ಕಬ್ಬಿಣದಿಂದ ಒತ್ತಿ ಕೂರಿಸಿದ. ಹೊರಬದಿಗೆ ಪಾಯಸದಂತಾಗಿದ್ದ ಪ್ಲಾಸ್ಟಿಕ್ ತುಂಬಿ ನಯವಾಗಿ ಸವರಿದ. ಬಿರುಕು ಎಲ್ಲಿತ್ತೆಂದು ಈಗ ಹುಡುಕಬೇಕಿತ್ತು.

“ಭಾನುವಾರದ ತನಕ ಯಾರೂ ಮುಟ್ಟಬಾರದ್ರಿ. ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಹಸಿ ಇರ್ತದ,” ಎಂದು ಹೇಳಿ ಚಹಾಕ್ಕೆ ಹೋದ.

ಮುಟ್ಟಬೇಡ ಎನ್ನುವವನಲ್ಲೇ ಏನೋ ಮೋಸ ಇರುತ್ತದೆ ಎಂಬುದು ಗೋದಾಬಾಯಿಯ ಲೆಕ್ಕ. ಮೇಣ ಮೆತ್ತಿದ್ದರೆ? ಅತ್ತಿತ್ತ ನೋಡಿದಳು. ಬೆಸುಗೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಬೆರಳು ಮೆತ್ತಗೆ ಒಳಗಿಳಿಯಿತು. ಎತ್ತಿದರೆ ಕುಳಿ, ಕುಳಿಯಲ್ಲಿ ಗೆರೆಗೆರೆಯಾಗಿ ಆಕೆಯದೇ ಗುರುತು. ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಸೆರಗು ಸರಿಪಡಿಸಿಕೊಂಡು ಮನೆಗೆ ನಡೆದುಬಿಟ್ಟಳು.

ಭಾನುವಾರ ಮುಂಜಾನೆ ಶಾಂಭವಿಯ ಕಾರು ಬಂತು, ಜೊತೆಗೆ ಗೋದಾಬಾಯಿ. ಅಲ್ಲಿಯ ತನಕ ತಾನೂ ಮುಟ್ಟದಿದ್ದ ಚನ್ನಯ್ಯ ಪೆಟ್ಟಿಗೆಯನ್ನು ತಿರುಗಿಸಿದವನು ಹಾಗೇ ನಿಂತ. ಗುರುತನ್ನು ನೋಡಿದ, ಗೋದಾಬಾಯಿಯನ್ನು ನೋಡಿದ. ಆಕೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

“ಇದೇನ್ ಚನ್ನಯ್ಯಣ್ಣ, ಹೆಬ್ಬೆಟ್ಟು ಒತ್ತಿ ಇಟ್ಟೀಯಲ್ಲ! ಮಧ್ಯಾಹ್ನ ದೀಪ ಹಚ್ಚೋದೈತಿ,” ಎಂದಳು ಶಾಂಭವಿ.

ಈಗ ಹೇಳುತ್ತಾನೆ, ಹೇಳಲಿ, ‘ನಾನ್ಯಾಕೆ ಮುಟ್ಟಲಿ’ ಎಂದು ದಬಾಯಿಸುವುದೇ ಸೈ ಎಂದು ಗೋದಾಬಾಯಿ ಮಾತು ಜೋಡಿಸಿಕೊಂಡು ನಿಂತಿದ್ದಳು.

“ನಂದ ತಪ್ಪುರಿ. ಹಸಿ ಇದ್ದಾಗ ಕೈ ತಾಗೈತಿ,” ಎಂದ ಚನ್ನಯ್ಯ.

“ಹಂಗಾರ ಉಳಿದವು ನಿನಗ ಬ್ಯಾಡ,” ಎಂದಳು ಶಾಂಭವಿ.

ಗೋದಾಬಾಯಿಗೆ ಇನ್ನೊಂದು ಅನುಮಾನ ಹುಟ್ಟಿತು. ಇವನು ಯಾಕೆ ನನ್ನ ತಪ್ಪು ಹೊರುತ್ತಾನೆ? ಇವನಿಗೇನು ಲಾಭ? ಚನ್ನಯ್ಯ ಒಂದೊಂದೇ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ಆಗ ಅವನ ಹೆಬ್ಬೆರಳು ಕಂಡಿತು: ಕಾದ ಕಬ್ಬಿಣಕ್ಕೆ ಸುಟ್ಟೂ ಸುಟ್ಟೂ ಒಂದು ಗೆರೆಯೂ ಉಳಿಯದೆ ನುಣ್ಣಗಾಗಿತ್ತು. ಆ ಬೆರಳು ತೋರಿಸಿದ್ದರೆ ಸಾಕಿತ್ತು, ಗುರುತು ಅವನದಲ್ಲವೆಂದು ಗೊತ್ತಾಗುತ್ತಿತ್ತು; ಅವನು ತೋರಿಸಿರಲಿಲ್ಲ. ಎಷ್ಟು ಹುಡುಕಿದರೂ ಲಾಭ ಸಿಗಲಿಲ್ಲ. ಗೋದಾಬಾಯಿಗೆ ನಾಚಿಕೆಯಾಯಿತು, ಮೈಯೆಲ್ಲ ಹಿಡಿಯಾಗುವಷ್ಟು ನಾಚಿಕೆ.

ಮುಂದೆ ಬಂದು ತನ್ನ ಹೆಬ್ಬೆರಳನ್ನು ಆ ಕುಳಿಯಲ್ಲಿಟ್ಟಳು. ಸರಿಯಾಗಿ ಕೂತಿತು.

“ಈ ಬೆರಳು ಯಾರದಂತ ಮಾರ್ಕೆಟ್ಟಿನಾಗ ಬಾಳೆಹಣ್ಣಿನವರನ್ನ ಕೇಳು ಶಾಂಭವಿ. ಆ ರಾಶಿ ಇವಗ ಕೊಡು. ಈ ಪೆಟಿಗಿ ಹಿಂಗ ಇರಲಿ.”

ಗೋದಾಬಾಯಿ ಚನ್ನಯ್ಯನ ಕಡೆ ತಿರುಗಿದಳು.

“ಜಲ್ದಿ ಮನಿಗೆ ಬಾ. ಒಳಗಿನ ಸಾಮಾನೆಲ್ಲ ದೇವರ ಮನಿಯಾಗೈತಿ, ನೀನ ತಗೊಂಡು ಕೂಡಿಸು. ನಾನು ಅಡಿಗಿಮನಿಯಾಗ ಇರ್ತೀನಿ.”