ಮ್ಯಾನೇಜರನ ಬಂದೂಕಿಗೆ ಅಕ್ರೋಟಿನ ಹಲಗೆ

ಎರಡು ತುಂಡಾಗಿದ್ದ ಬಂದೂಕಿನ ಮರದ ಹಿಡಿಯನ್ನು ಗೋಣಿಚೀಲದಿಂದ ತೆಗೆದು ಅಣ್ಣ ತಂಗಿಯ ಮನೆಯ ಕೆಲಸದ ಮೇಜಿನ ಮೇಲಿಟ್ಟ. ಅವನು ಮಿಲ್ಲಿನ ಕಾರ್ಮಿಕ ಸಂಘದ ಕಾರ್ಯದರ್ಶಿ. ಹಿಡಿ ಮ್ಯಾನೇಜರನದು. ಗೇಟಿನ ಮುಂದೆ ಮುಷ್ಕರಕ್ಕೆ ಕೂತಿದ್ದ ಹೆಂಗಸರ ಮೇಲೆ ಅವನು ಬಂದೂಕನ್ನು ತಿರುಗಿಸಿ ಬೀಸಿದಾಗ ತಂಗಿಯ ಹೆಗಲ ಮೂಳೆಯೂ ಹಿಡಿಯ ಕತ್ತೂ ಒಟ್ಟಿಗೇ ಮುರಿದಿದ್ದವು. ಮೂಳೆ ಮುರಿದವಳ ಕೆಲಸ ಹೋಯಿತು. ಹಿಡಿ ಮುರಿದದ್ದಕ್ಕೆ ಸಂಘವೇ ಹೊಸದು ಮಾಡಿಸಿಕೊಡಬೇಕು, ಆಮೇಲೆ ಅವಳನ್ನು ಒಳಗೆ ಸೇರಿಸಿಕೊಳ್ಳುತ್ತಾರೆ. ರಾಜಿ ಆದದ್ದು ಹೀಗೆ.

ತಂಗಿಯ ಗಂಡನ ಕಸುಬೇ ಬಂದೂಕಿಗೆ ಹಿಡಿ ಮಾಡುವುದು. "ಏಟು ತಿಂದೋರೇ ದೊಣ್ಣೆ ಮಾಡಿಸಿಕೊಡೋದು," ಎಂದ. "ಅಳತೆಗೆ ನಮ್ಮ ಬೆನ್ನನ್ನೂ ಕಳಿಸೋಣ್ವಾ ಭಾವ?"

"ಚುಚ್ಚಿ, ಚುಚ್ಚಿ. ಸಂಘದೋರೆಲ್ಲ ಬೈದಾಯ್ತು, ನೀವೊಬ್ರು ಬಾಕಿ ಇದ್ರಿ."

ಗಂಡ ಎರಡು ಅಕ್ರೋಟಿನ ಹಲಗೆ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿದ. ಒಂದರ ಮೈಯಲ್ಲಿ ಕಂದು, ಕಪ್ಪು ಸುಳಿಗಳು ಹೊಗೆಯಂತೆ ಎದ್ದವು. ಇನ್ನೊಂದು ಸಪ್ಪೆ, ಎಳೆಗಳು ಉದ್ದಕ್ಕೂ ನೆಟ್ಟಗೆ ಓಡಿದ್ದವು, ಅಷ್ಟೆ.

ಅಣ್ಣ ಸುಳಿಯ ಹಲಗೆ ಮುಟ್ಟಿದ. "ಇದೇ ಇರಲಿ. ಸಾಹೇಬರು ನೋಡಿದ ಕೂಡ್ಲೇ ಕರಗಿಬಿಡ್ತಾರೆ."

ಗಂಡ ಸರಿಯೆಂದು ತಲೆಯಾಡಿಸಿದ, ತುಸು ಬೇಗನೇ. ತಂಗಿ ಹತ್ತಿರ ಬಂದು ಮುರಿದ ತುಂಡುಗಳನ್ನು ಆ ಹಲಗೆಯ ಮೇಲಿಟ್ಟು ನೋಡಿದಳು. ಕೈ ಹಿಡಿಯುವ ಸಣ್ಣ ಜಾಗ, ಅದೇ ಕತ್ತು, ಸರಿಯಾಗಿ ಸುಳಿಯ ಮೇಲೆ ಬಿತ್ತು. ಅಲ್ಲಿ ಎಳೆ ಅಡ್ಡಕ್ಕೆ ಹೊರಳಿತ್ತು.

"ಇದು ಮುರಿಯುತ್ತೆ."

"ಗುಂಡು ಹಾರಿಸೋವಾಗ ಅವನ ಕೈಯಲ್ಲೇ ಮುರೀಲಿ ಬಿಡೆ," ಎಂದ ಗಂಡ.

"ಮುರಿದ್ರೆ ಹೊರಗೆ ಹಾಕೋದು ಯಾರನ್ನ? ನಿಮ್ಮನ್ನಾ?"

ಅಣ್ಣ ಬಾಗಿಲ ಕಡೆ ನೋಡಿದ. ಮ್ಯಾನೇಜರನ ಬಂದೂಕು ಗಟ್ಟಿಯಾಗಿರುವಷ್ಟು ದಿನ ಅವಳ ಒಲೆ ಉರಿಯುತ್ತದೆ. ಮಿಲ್ಲು ಅವರನ್ನು ತಂದು ನಿಲ್ಲಿಸಿದ್ದು ಇಲ್ಲಿಗೆ. ಅದಕ್ಕೆ ಒಂದು ಗುಂಡು ಹಾರಿಸುವ ಖರ್ಚೂ ಮಿಲ್ಲಿಗೆ ಬರಲಿಲ್ಲ.

ತಂಗಿ ನೆಟ್ಟನೆಯ ಹಲಗೆಯನ್ನು ಎಡಗೈಯಲ್ಲಿ ಎಳೆದುಕೊಂಡು ಬೆರಳ ಗೆಣ್ಣಿನಿಂದ ಈ ತುದಿಯಿಂದ ಆ ತುದಿವರೆಗೂ ತಟ್ಟಿದಳು. ಎಲ್ಲೂ ದನಿ ಬದಲಾಗಲಿಲ್ಲ.

"ಇದು ಮುರಿಯಲ್ಲ ತಾನೆ?" ಅಣ್ಣ ಕೇಳಿದ.

"ಇನ್ನೊಂದ್ಸಲ ನನ್ನ ಮೇಲೆ ಹೊಡೆದ್ರೂ ಮುರಿಯಲ್ಲ."

ಅಣ್ಣ ಗೋಣಿಚೀಲವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಒಂದು ಮಾತು, ತಾಯಿ. ನಿನ್ನ ಸೇರಿಸ್ಕೊಳ್ಳೋದು ಮಗ್ಗಕ್ಕೆ ಅಲ್ಲ. ನಿನ್ನ ಬಲಗೈ ಮೇಲೇಳಲ್ವಲ್ಲ. ಗೇಟಿನ ಹತ್ರ ಕಸ ಗುಡಿಸೋಕೆ."

"ಇದನ್ನ ಈಗ ಹೇಳ್ತೀರಾ ಭಾವ?" ಗಂಡ ಸುಳಿಯ ಹಲಗೆಯನ್ನೇ ಎತ್ತಿ ಮೇಜಿನ ನಡುವೆ ಹಾಕಿದ.

ತಂಗಿ ಅದನ್ನು ಇಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಗಂಡನ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡಳು. ಅಣ್ಣ ಮುರಿದ ತುಂಡುಗಳನ್ನು ಜೋಡಿಸಿ ನೆಟ್ಟನೆಯ ಹಲಗೆಯ ಮೇಲೆ ಒತ್ತಿ ಹಿಡಿದ. ಅವಳು ಅದರ ಸುತ್ತ ಎಡಗೈಯಲ್ಲಿ ಗೆರೆ ಎಳೆದಳು. ಕತ್ತಿನ ಹತ್ತಿರ ಗೆರೆ ಸೊಟ್ಟಗಾಯಿತು. ಗಂಡ ಪೆನ್ಸಿಲ್ ಇಸಿದುಕೊಂಡು ಗೆರೆಯನ್ನು ನೇರಕ್ಕೆ ತಿದ್ದಿದ.