ವ್ಯಾನಿಗೆ ಅಡ್ಡ ನಿಂತ ಟೆಂಪೋ

ಮೆಕ್ಯಾನಿಕ್‌ನ ಸ್ವಂತ ಗಾಡಿಗೆ ಶೆಡ್ಡಿನ ಕೊನೇ ಮೂಲೆಯೇ ಗತಿ. ಗಿರಾಕಿಗಳ ಗಾಡಿಗಳೆಲ್ಲ ಅದರ ಮುಂದೆ. ನಮ್ಮ ಮೆಕ್ಯಾನಿಕ್ ಮಹಾಶಯನೂ ಹಾಗೇ. ಊರವರ ಗಾಡಿ ರಿಪೇರಿ ಮಾಡುವ ಪುಣ್ಯಾತ್ಮ, ತನ್ನ ವ್ಯಾನಿನ ಬ್ಯಾಟರಿ ಸೋತಿದ್ದರೂ "ನಾಳೆ ನೋಡೋಣ" ಅನ್ನುತ್ತಿದ್ದ. ಹೆಂಡತಿಗೋ ದಿನ ತುಂಬಿತ್ತು.

ಅವಳ ಬಿಪಿ ನೋಡಲು ನರ್ಸಕ್ಕ ಮನೆಗೆ ಬಂದರು. "ನೋವು ಬಂದ್ರೆ ಆಸ್ಪತ್ರೆಗೆ ಹೇಗೆ ಹೋಗ್ತೀರಿ?"

"ನಮ್ಮದೇ ವ್ಯಾನಿದೆಯಲ್ಲಕ್ಕಾ!" ಮೆಕ್ಯಾನಿಕ್ ಎದೆಯುಬ್ಬಿಸಿದ.

"ಸರಿ. ನೋವು ಬಂತು, ಆದ್ರೆ ಆಸ್ಪತ್ರೆ ಮುಟ್ಟಲಿಲ್ಲ ಅಂತ ಇಟ್ಕೊಳ್ಳಿ. ಯಾಕೆ ಮುಟ್ಟಲಿಲ್ಲ, ಹೇಳಿ ನೋಡೋಣ."

"ಬಿಡ್ತು ಅನ್ನಮ್ಮಾ!" ಅವನ ತಾಯಿ ಅಡುಗೆಮನೆಯಿಂದ ಓಡಿಬಂದರು. "ಬಸುರಿ ಮುಂದೆ ಆಡೋ ಮಾತಾ ಇದು?"

ನರ್ಸಕ್ಕ ನಕ್ಕರು. "ಬಿಡ್ತು ಅಂದೆ, ಅಮ್ಮಾ. ಕೆಟ್ಟ ಗಾಡಿ ಬಂದ್ರೆ ನಿಮ್ಮ ಮಗ ಏನು ಮಾಡ್ತಾನೆ? ಯಾಕೆ ಕೆಟ್ಟಿತು ಅಂತ ಹಿಂದಕ್ಕೆ ಹುಡುಕ್ಕೊಂಡು ಹೋಗ್ತಾನೆ ತಾನೆ? ನಾವು ಅದನ್ನ ಕೆಡೋಕೆ ಮುಂಚೇನೇ ಮಾಡೋಣ ಅಂತ."

ಇದು ತನ್ನ ಕಸುಬಿನ ಪ್ರಶ್ನೆ! ಮೆಕ್ಯಾನಿಕ್ ಕುರ್ಚಿ ಎಳೆದುಕೊಂಡು ಕೂತ. "ಬ್ಯಾಟರಿ ಕೈಕೊಡ್ತು ಅಂತಿಟ್ಕೊಳ್ಳಿ. ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ ಬಿಡಿ."

"ಎಲ್ಲಿಗ್ರೀ ತಳ್ತೀರಾ?" ಹೆಂಡತಿ ಕೇಳಿದಳು. "ಮುಂದೆ ಎಂಜಿನ್ ಬಿಚ್ಚಿಟ್ಟಿರೋ ಟೆಂಪೋ ಇದೆಯಲ್ಲ!"

ಮೆಕ್ಯಾನಿಕ್ ನಕ್ಕ. ಮರುಕ್ಷಣವೇ ಅವನ ಮುಖ ಬಿಳಿಚಿತು. ಎಂಜಿನ್ ಬಿಚ್ಚಿದ್ದು ಅವನೇ, ಅಲ್ಲಿ ನಿಲ್ಲಿಸಿದ್ದೂ ಅವನೇ. ಈಗಲೇ ನೋವು ಬಂದಿದ್ದರೆ? "ಮತ್ತೆ ಇನ್ನೇನು ಎಡವಟ್ಟಾಗಬಹುದು?" ಎಂದು ಈಗ ಅವನೇ ಕೇಳಿದ.

"ಇನ್ನೇನು? ನೀನು ಯಾರದೋ ಗಾಡಿ ಟ್ರಯಲ್ ನೋಡೋಕೆ ಊರಾಚೆ ಹೋಗಿರ್ತೀಯ, ಫೋನ್ ಎತ್ತಲ್ಲ. ನನಗೆ ವ್ಯಾನ್ ಓಡ್ಸೋಕೆ ಬರುತ್ತಾ?" ಬಿಡ್ತು ಅನ್ನಿಸಿದ್ದ ತಾಯಿಯೇ ಹೀಗಂದರು!

ಅಂದೇ ಟೆಂಪೋ ಹಿಂದಕ್ಕೆ ಹೋಯಿತು. ಹೊಸ ಬ್ಯಾಟರಿಯ ವ್ಯಾನು ಗೇಟಿಗೆ ಬಂತು. ಇನ್ನೊಂದು ಕೀ ಪಕ್ಕದ ಮನೆ ಡ್ರೈವರಣ್ಣನ ಕೈ ಸೇರಿತು. ಆಂಬುಲೆನ್ಸ್ ನಂಬರ್ ಗೋಡೆ ಹತ್ತಿತು.

ನೋವು ಬಂದದ್ದು ಮಟಮಟ ಮಧ್ಯಾಹ್ನ. ತಾಯಿ ಹೇಳಿದಂತೆಯೇ ಆಯಿತು: ಮಗ ಟ್ರಯಲ್‌ಗೆ ಹೋಗಿದ್ದ, ಫೋನು ಬಡಿದುಕೊಳ್ಳುತ್ತಲೇ ಇತ್ತು. ಆದರೆ ಡ್ರೈವರಣ್ಣ ಕೀ ತಿರುಗಿಸಿದ್ದೇ ತಡ, ವ್ಯಾನು ಹೊರಟೇಬಿಟ್ಟಿತು.

ಮೆಕ್ಯಾನಿಕ್ ಏದುಸಿರು ಬಿಡುತ್ತಾ ಆಸ್ಪತ್ರೆಗೆ ಓಡಿಬಂದಾಗ ಮಗಳು ಅಜ್ಜಿಯ ತೋಳಿನಲ್ಲಿದ್ದಳು. ಆನಂದಕ್ಕೆ ಅವನಿಗೆ ಅಳುವೇ ಬಂತು. ಕೈ ಚಾಚಿದ.

"ಮೊದ್ಲು ಆ ಗ್ರೀಸ್ ತೊಳ್ಕೊಂಡು ಬಾರೋ!" ತಾಯಿ ಗದರಿದರು.

ನಿಮ್ಮ ಮನೆಯಲ್ಲೂ ಹೆರಿಗೆ ಹತ್ತಿರವಿದೆಯೇ? "ಆಸ್ಪತ್ರೆ ಮುಟ್ಟಲಿಲ್ಲ, ಯಾಕೆ?" ಎಂದು ಇಂದೇ ಎಲ್ಲರೂ ಕೂತು ಕೇಳಿಕೊಳ್ಳಿ. ಬಿಡ್ತು ಅನ್ನಿ, ಆದರೆ ಕೇಳದೆ ಬಿಡಬೇಡಿ. ನಿಮ್ಮ ದಾರಿಗೂ ಒಂದು ಟೆಂಪೋ ಅಡ್ಡ ನಿಂತಿರಬಹುದು. ಇವತ್ತೇ ಸರಿಸಿ.