ಜರ್ಮನ್ ಮಾವ ಹಾರಿದ ಜಾಗ

ಇಸ್ತ್ರಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತ ಕಾಲು ಮಧ್ಯಾಹ್ನದ ಹೊತ್ತಿಗೆ ಕೊರಡಾಗುತ್ತದೆ. ಆ ಕಾಲನ್ನು ಎಳೆದುಕೊಂಡು ಅತ್ತಿಗೆ ಮಹಡಿ ಹತ್ತಿ ಮೈದುನನ ಕೋಣೆಗೆ ಬರುತ್ತಾಳೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ತನಗೆ ಒಂದು ಪದವೂ ಅರ್ಥವಾಗದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ. ಮೈದುನ ಕಾಲೇಜಿನಿಂದ ಬಂದು ಕೇಳಲೆಂದು ಮೇಜಿನ ಮೇಲಿನ ಫೋನು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ವರ್ಷದಿಂದ ಹೀಗೇ ನಡೆದಿದೆ.

ಮೈದುನ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಕಣ್ಣಿನ ನಡುಭಾಗ ಮಬ್ಬಾಗಿ ಈಗ ಎದುರಿಗಿದ್ದವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವನ ಸಂಶೋಧನೆಯೆಲ್ಲ ಒಬ್ಬ ಜರ್ಮನ್ ತತ್ವಜ್ಞಾನಿಯ ಮೇಲೆ: ಆತ ಏನೇನು ಓದಿದ, ಓದಿದ್ದು ಅವನ ಮಾತಿಗೆ ಹೇಗೆ ಇಳಿಯಿತು, ಆತ 'ನಾನು' ಎಂದು ಬರೆದಾಗ ಆ ನಾನು ಯಾರು. ಆತನಿಗೂ ಕೊನೆಗಾಲದಲ್ಲಿ ಕಣ್ಣು ಹೋಗಿತ್ತಂತೆ. ಅತ್ತಿಗೆಯ ಗಂಡ ಆತನಿಗೆ ಜರ್ಮನ್ ಮಾವ ಎಂದು ಹೆಸರಿಟ್ಟಿದ್ದಾನೆ. ಹೆಣ್ಣು ಕೊಡದೆಯೇ ನನ್ನ ತಮ್ಮನನ್ನು ಮನೆಅಳಿಯ ಮಾಡಿಕೊಂಡ ಮಾವ ಅಂತ ಅವನ ವಿವರಣೆ.

ಹಳೆಯ ಅಚ್ಚಿನ ಮುಳ್ಳುಮುಳ್ಳಾದ ಅಕ್ಷರವನ್ನು ಕಂಪ್ಯೂಟರ್ ಕಲಸುಮೇಲೋಗರ ಮಾಡಿ ಓದುತ್ತಿತ್ತು. ಓದಿಕೊಡಲು ಬಂದ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಜಾರಿಕೊಂಡರು. ಕಡೆಗೆ ಅತ್ತಿಗೆಯೇ ಅಕ್ಷರ ಕಲಿತಳು. ಅರ್ಥ ಬೇಡ, ಸದ್ದು ಸಾಕು ಎಂದಿದ್ದ ಮೈದುನ. ಅರ್ಥವಿಲ್ಲದ ಮಾತು ನಿಮ್ಮಣ್ಣನ ಜೊತೆ ಆಡಿ ಅಭ್ಯಾಸ ಇದೆ ಎಂದು ಅವಳು ಪುಸ್ತಕ ಎತ್ತಿಕೊಂಡಿದ್ದಳು.

ಅವನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವನು ಬರೆಯುತ್ತಿದ್ದ ಪುಸ್ತಕ ಬಂದರೆ ಆಗುತ್ತದೆ, ಬಾರದಿದ್ದರೆ ಕಣ್ಣು ಮಂಜಾದ ಮೇಷ್ಟ್ರನ್ನು ಯಾವ ಕಾಲೇಜೂ ಹುಡುಕಿಕೊಂಡು ಬರುವುದಿಲ್ಲ. ಇದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದೆ ಎಲ್ಲರಿಗೂ ಗೊತ್ತಿದ್ದ ವಿಷಯ.

ಆ ದಿನ ಅವಳು ಬಂದಾಗ ಮೈದುನ ಮನೆಯಲ್ಲೇ ಇದ್ದ, ಅವನ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಇತ್ತು. ಆರನೇ ಅಧ್ಯಾಯವನ್ನು ವಿಭಾಗದ ಮುಖ್ಯಸ್ಥೆ ಓದಿ, ಪುಸ್ತಕದ ಜೀವ ಇರುವುದೇ ಇದರಲ್ಲಿ ಎಂದಿದ್ದರಂತೆ. ನಾಡಿದ್ದು ಅಚ್ಚಿಗೆ ಹೋಗುತ್ತದೆ. ಅಲ್ಲಿ ಏನಿದೆ ಎಂದು ಅವನು ಬಿಡಿಸಿ ಹೇಳಿದ. ಜರ್ಮನ್ ಮಾವ ತನ್ನ ಬಾಲ್ಯದ ಬಗ್ಗೆ 'ನಾನು, ನಾನು' ಎಂದು ಬರೆಯುತ್ತಾ ಬರುತ್ತಾನೆ. ಇದ್ದಕ್ಕಿದ್ದ ಹಾಗೆ, ಹಿಂದಿಲ್ಲ ಮುಂದಿಲ್ಲ, ಒಂದು ಕಲ್ಲಿನ ಮಾತಿಗೆ ಹಾರುತ್ತಾನೆ. ಆಮೇಲೆ 'ನಾನು' ಎಂಬುದೇ ಇಲ್ಲ. ಮಾತಾಡುತ್ತಿದ್ದವನು ಎದ್ದು ಹೋಗಿ ಇನ್ಯಾರೋ ಬಂದು ಕೂತ ಹಾಗೆ. ಮನುಷ್ಯನ ಒಳಗಿನ ನಾನು ಎಂಬುದು ಒಂದೇ ಎಳೆ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

"ಕೇಳಿ ಅತ್ತಿಗೆ, ನಿಮ್ಮ ದನಿಯಲ್ಲೇ ಇದೆ," ಎಂದು ಫೋನು ಒತ್ತಿದ.

ಅವಳ ದನಿ ಬಂತು. ಮೊದಲು ಸರಿಯಾಗಿತ್ತು. ಬರಬರುತ್ತಾ ಎಳೆಯಿತು, ನೆನೆದ ಬಟ್ಟೆಯ ಹಾಗೆ ಭಾರವಾಯಿತು, ನಿಂತಿತು. ಸ್ವಲ್ಪ ಹೊತ್ತು ಫ್ಯಾನಿನ ಸದ್ದು. ಕುರ್ಚಿ ಕಿರ್ ಎಂದಿತು, ಹಾಳೆ ಮಗುಚಿತು. ಆಮೇಲೆ ಮುಖ ತೊಳೆದುಕೊಂಡು ಬಂದವಳ ಹಾಗೆ ಅವಳ ದನಿ ಮತ್ತೆ ಶುರುವಾಯಿತು.

ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ಹೋಟೆಲಿನವರ ಹಾಸಿಗೆ ಬಟ್ಟೆಯೆಲ್ಲ ಒಂದೇ ಸಲ ಬಂದಿದ್ದ ದಿನ. ಪುಟದ ಕೊನೆ ಮುಟ್ಟುವಾಗ ಕಣ್ಣು ಮುಚ್ಚಿತ್ತು. ತೆರೆದಾಗ ಗಾಬರಿಯಲ್ಲಿ ಹಾಳೆ ಮಗುಚಿದ್ದಳು. ಒಂದಕ್ಕೆ ಇನ್ನೊಂದು ಅಂಟಿಕೊಂಡು ಹೋದ ಅನುಮಾನ ಇತ್ತು. ಹೊಸ ಪುಟ ದೊಡ್ಡ ಅಕ್ಷರದಿಂದ ಅಚ್ಚುಕಟ್ಟಾಗಿ ಶುರುವಾಗಿತ್ತು. ಇಷ್ಟು ದಪ್ಪ ಪುಸ್ತಕಕ್ಕೆ ಒಂದು ಹಾಳೆ ಹೋದರೆ ಏನು ಬಡತನ ಬಂತು ಎಂದುಕೊಂಡು ಮುಂದಕ್ಕೆ ಓದಿದ್ದಳು.

ತಲೆನೋವು ಎಂದು ಹೇಳಿ ಇಳಿದು ಬಂದಳು.

ಊಟದ ಹೊತ್ತಿಗೆ ಗಂಡನಿಗೆ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಆ ಪುಸ್ತಕವನ್ನು ಓದುವವರು ಯಾರು, ಓದಿದರೂ ಮೂಲ ತೆಗೆದು ನೋಡುವವರು ಯಾರು, ಮುಖ್ಯಸ್ಥೆಯೇ ನೋಡಿಲ್ಲವಲ್ಲ ಎಂದ. ತಟ್ಟೆ ಎತ್ತಿಕೊಂಡು ಏಳುತ್ತಾ, "ಅವನ ಅನ್ನದ ಪ್ರಶ್ನೆ ಕಣೇ. ಸುಮ್ನಿದ್ಬಿಡು," ಎಂದ.

ಅವಳೂ ಹಾಗೇ ಯೋಚಿಸಿದ್ದಳು. ಆದರೆ ಇಪ್ಪತ್ತು ವರ್ಷ ಇಸ್ತ್ರಿ ಮಾಡಿದವಳಿಗೆ ಒಂದು ಗೊತ್ತು. ಕಾಲರ್ ಸುಟ್ಟರೆ ಮಡಿಸಿ ಒಳಗೆ ಹಾಕಿ ಕೊಡಬಹುದು. ಗಿರಾಕಿ ಅದನ್ನು ಬಿಚ್ಚುವುದು ಮಾತ್ರ ಮದುವೆಗೆ ಹೊರಟ ದಿನವೇ, ನಾಲ್ಕು ಜನರ ಎದುರಿಗೇ.

ಮರುದಿನ ಅಂಗಡಿಗೆ ಹೋಗುವ ಮೊದಲೇ ಮಹಡಿ ಹತ್ತಿದಳು. ಮೈದುನ ಹಲ್ಲುಜ್ಜುತ್ತಿದ್ದ. ಬಾಯಿ ಮುಕ್ಕಳಿಸುವ ತನಕ ಕಾದಳು.

"ನಿನ್ನ ಮಾವ ಎಲ್ಲೂ ಹಾರಿಲ್ಲ ಕಣಪ್ಪ. ನಾನು ನಿದ್ದೆ ಹೋಗಿದ್ದೆ. ಒಂದು ಹಾಳೆ ಬಿಟ್ಟುಹೋಗಿದೆ."

ಅವನು ಟವೆಲ್ ಹಿಡಿದುಕೊಂಡೇ ಹಾಸಿಗೆ ಮೇಲೆ ಕೂತ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಆ ಪುಟ ತೆಗೆದು ಓದಿ ಎಂದಷ್ಟೇ ಹೇಳಿದ. ಅವಳು ಹಾಳೆಯನ್ನು ಉಗುರಿನಿಂದ ಬಿಡಿಸಿ ನಿಧಾನವಾಗಿ ಓದಿದಳು.

ಏನಂತೆ ಎಂದು ಕೇಳಿದಳು. ಏನೂ ವಿಶೇಷ ಇಲ್ಲವಂತೆ. ಜರ್ಮನ್ ಮಾವ ಚಿಕ್ಕವನಿದ್ದಾಗ ತಾಯಿಯ ಜೊತೆ ಹೊಳೆಯ ದಡಕ್ಕೆ ಹೋಗುತ್ತಿದ್ದನಂತೆ. ಆಕೆ ಒಂದು ಕಲ್ಲಿನ ಮೇಲೆ ಕೂತು ಅವನಿಗೆ ಓದಿ ಹೇಳುತ್ತಿದ್ದಳಂತೆ. ಆಮೇಲೆ ಆ ಕಲ್ಲಿನ ವರ್ಣನೆ. ಎಲ್ಲ ಒಂದಕ್ಕೊಂದು ಹೊಂದಿಕೊಂಡೇ ಬಂದಿತ್ತು.

"ಆ ಕುರ್ಚಿ ಸದ್ದನ್ನ ನಾನು ಎಷ್ಟು ಸಲ ಕೇಳಿದೀನಿ ಅತ್ತಿಗೆ," ಎಂದ ಅವನು. "ಒಂದ್ಸಲನಾದ್ರೂ ನಿಮ್ಮನ್ನ ಕೇಳಬಹುದಿತ್ತು. ನನಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ಅದಕ್ಕೇ ಕೇಳಲಿಲ್ಲ."

ಅವಳಿಗೆ ಸುಮ್ಮನೆ ಕೂರಲಾಗಲಿಲ್ಲ. ಕಣ್ಣು ಹೋದ ಮೇಲೆ ಜರ್ಮನ್ ಮಾವನಿಗೆ ಓದುತ್ತಿದ್ದವರು ಯಾರು ಎಂದು ಕೇಳಿದಳು. ತಂಗಿ ಓದುತ್ತಿದ್ದಳಂತೆ, ಮನೆಗೆಲಸವೆಲ್ಲ ಮುಗಿಸಿ.

"ಅವಳಿಗೆ ನಿದ್ದೆ ಬರ್ತಿರಲಿಲ್ವ?"

ಮೈದುನ ಅವಳ ಕಡೆ ತಿರುಗಿದ. ಅವನಿಗೆ ಕಂಡದ್ದು ಅವಳ ಕಿವಿ ಇರಬೇಕು. ಅವನಿಗೆ ನಗು ಬಂತು. ನಗು ಅಷ್ಟರಲ್ಲೇ ಸೋತುಹೋಯಿತು. ಅದು ಬೇರೆಯೇ ಪುಸ್ತಕ, ಅದನ್ನು ಬರೆಯಲು ಇನ್ನೊಂದು ಆಯುಸ್ಸು ಬೇಕು ಎಂದ.

ಮುಖ್ಯಸ್ಥೆಗೆ ಅವಳ ಎದುರಿಗೇ ಫೋನ್ ಮಾಡಿ ಆರನೇ ಅಧ್ಯಾಯ ತೆಗೆಯಬೇಕು ಎಂದ. ಕಾರಣ ಕೇಳಿದರು. ತಪ್ಪಾಗಿ ಓದಿಕೊಂಡವನು ನಾನೇ ಎಂದ, ಅತ್ತಿಗೆಯ ಮಾತು ಎತ್ತಲಿಲ್ಲ. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಆರನೆಯದಿಲ್ಲದೆ ಪುಸ್ತಕ ನಿಲ್ಲುವುದಿಲ್ಲ, ಈ ವರ್ಷ ಅಚ್ಚಾಗದು, ಕೆಲಸದ ಬಗ್ಗೆ ಈಗ ಭರವಸೆ ಕೊಡಲಾರೆ ಎಂಬುದು ಅದರ ಸಾರ. ಅವನು ಹೂಂ ಹೂಂ ಎನ್ನುತ್ತಾ ಕೇಳಿ ಫೋನು ಇಟ್ಟ.

ಮಧ್ಯಾಹ್ನ ಅವಳು ಮತ್ತೆ ಬಂದಳು. ಬರುವ ಮೊದಲು ಮುಖಕ್ಕೆ ತಣ್ಣೀರು ಹಾಕಿಕೊಂಡು, ಒಂದು ಲೋಟ ಗಟ್ಟಿ ಟೀ ಕುಡಿದಿದ್ದಳು. ತೂಕಡಿಸಿದರೆ ಮೇಜು ಕುಟ್ಟು ಎಂದು ಅವನಿಗೆ ಹೇಳಿ, ಬಾಲ್ಯದ ಭಾಗವನ್ನು ಮೊದಲಿನಿಂದ ತೆಗೆದಳು. ಹಾಳೆಗಳನ್ನು ಬೆರಳಲ್ಲಿ ಉಜ್ಜಿ ನೋಡಿ ಒಂದೊಂದಾಗಿ ಮಗುಚಿದಳು. ಎಚ್ಚರ ಇದ್ದೀರಾ ಎಂದು ಅವನು ಆಗಾಗ ಕೇಳುತ್ತಿದ್ದ, ಇದ್ದೀನಿ ಎನ್ನುತ್ತಿದ್ದಳು.

ಹೊಳೆಯ ದಡದ ಪುಟಕ್ಕೆ ಬರುವಷ್ಟರಲ್ಲಿ ಅವನ ಆ ಪ್ರಶ್ನೆ ನಿಂತಿತ್ತು. ತಲೆ ಎತ್ತಿ ನೋಡಿದಳು. ಗೋಡೆಗೆ ಒರಗಿ, ಬಾಯಿ ಅರೆ ತೆರೆದು, ಅವನು ನಿದ್ದೆ ಹೋಗಿದ್ದ.

ಅವಳು ಓದು ನಿಲ್ಲಿಸಿದಳು. ಫೋನು ಆರಿಸಿದಳು. ಜಡೆಯ ಪಿನ್ನು ತೆಗೆದು, ನಿಲ್ಲಿಸಿದ ಸಾಲಿಗೆ ಸರಿಯಾಗಿ ಸಿಕ್ಕಿಸಿ, ಕಾಲು ಚಾಚಿಕೊಂಡು ಕಾದು ಕೂತಳು.